ಹಳೇ ಕಾರ್ಡಿನ ವಕೀಲೆ

ಬಾಗಲಕೋಟೆಯ ಕಾಲೇಜಿನಲ್ಲಿ ನಮಗೆ ಆಪರೇಟಿಂಗ್ ಸಿಸ್ಟಂ ಕಲಿಸುತ್ತಿದ್ದ ಮೇಡಂ ವಾದಕ್ಕಿಳಿದರೆ ಕನ್ನಡಕವನ್ನು ತಲೆಯ ಮೇಲೆ ಏರಿಸಿಬಿಡುತ್ತಿದ್ದರು. "ಬಳಸಾವ್ರು ಒಬ್ಬರಿದ್ರೂ ಇದ್ದಂಗ್ರಿ" ಎನ್ನುವುದು ಅವರ ಮಾತು. ಕಂಪ್ಯೂಟರಿನ ಭಾಗಗಳನ್ನೆಲ್ಲ ನಡೆಸುವ ಕರ್ನಲ್ ಎಂಬ ಮೂಲ ತಂತ್ರಾಂಶವನ್ನು ಎಲ್ಲೆಲ್ಲಿಯವರೋ ಸೇರಿ ಬರೆಯುತ್ತಾರೆ. ಅವರಲ್ಲಿ ಮೇಡಂ ಕೂಡ ಒಬ್ಬರು. ಕಂಪ್ಯೂಟರಿನೊಳಗೆ ಕೂರಿಸುವ ಹಳೆಯ ಕಾರ್ಡೊಂದನ್ನು ನಡೆಸುವ ಡ್ರೈವರ್ ಎಂಬ ತುಣುಕನ್ನು ಕರ್ನಲ್‌ನಿಂದ ತೆಗೆಯುವ ಮಾತು ಬಂದಾಗ, ಆ ಕಾರ್ಡನ್ನು ಈಗ ಯಾರೂ ಬಳಸುತ್ತಿಲ್ಲ ಎಂದರು ಉಳಿದವರೆಲ್ಲ. ಮೇಡಂ ಮಾತ್ರ ಅಡ್ಡ ನಿಂತರು. ಗುಳೇದಗುಡ್ಡದ ನೇಕಾರ ಚಾಚಾ ಒಬ್ಬರು ಖಣವೆಂಬ ರವಿಕೆ ಬಟ್ಟೆಯ ನಕ್ಷೆಯನ್ನು ರಟ್ಟಿನಲ್ಲಿ ಕೊರೆಯುವ ಯಂತ್ರ ಆ ಕಾರ್ಡಿನಿಂದಲೇ ನಡೆಯುವುದನ್ನು ಮೇಡಂ ಹಿಂದೊಮ್ಮೆ ಕಂಡಿದ್ದರು. ಅವರ ಕೆಲಸ ನಿಲ್ಲುತ್ತದೆಂದು ಮೇಡಂ ವಾರಗಟ್ಟಲೆ ಜಗಳವಾಡಿದರು.

ಕೊನೆಗೆ ಸಾಕ್ಷಿಗೆ ಆ ಯಂತ್ರದ್ದೊಂದು ಫೋಟೊ ಬೇಕೆಂದು ನನ್ನನ್ನೂ ಕರೆದುಕೊಂಡು ಗುಳೇದಗುಡ್ಡದ ಬಸ್ ಹತ್ತಿದರು. ಚಾಚಾರ ಮಗ್ಗದ ಮನೆಯ ಮೂಲೆಯಲ್ಲಿ, ಆ ಕಾರ್ಡಿದ್ದ ಕಂಪ್ಯೂಟರಿನ ಮೇಲೆ ಕೋಳಿಯೊಂದು ಕಾವಿಗೆ ಕೂತಿತ್ತು.

"ಅದನ್ನ ಬಿಟ್ಟು ಭಾಳ ದಿನ ಆತ್ರಿ ಮೇಡಂ. ಹೊಸಾದು ತಂದೇನಿ," ಎಂದರು ಚಾಚಾ.

ಮೇಡಂ ಕನ್ನಡಕ ಸರಿಮಾಡಿಕೊಂಡು ಕೋಳಿಯನ್ನು ನೋಡಿದರು. ಮರುಕ್ಷಣ ಗೋಡೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ಜಗಳದ ಕತೆ ಕೇಳಿದ ಚಾಚಾ, "ನನ್ನ ಸಲುವಾಗಿ ಎಲ್ಲೆಲ್ಲಿದೋ ಮಂದಿ ಕೂಡ ಜಗಳಾಡಿದ್ರೇನ್ರಿ?" ಎಂದರು.

"ಖರೇನ ಆಡೇನ್ರಿ. ಈಗ ನಾನ ತಗೀತೇನಿ."

ಅಲ್ಲೇ ಲ್ಯಾಪ್‌ಟಾಪ್ ತೆರೆದು, ಡ್ರೈವರನ್ನು ಅಳಿಸುವ ತಿದ್ದುಪಡಿ ಬರೆದು, "ನಿಮ್ಮ ಕಾರ್ಡು, ನೀವ ಒತ್ರಿ" ಎಂದು ಚಾಚಾರ ಮುಂದಿಟ್ಟರು. ಚಾಚಾ ಬಿಸ್ಮಿಲ್ಲಾ ಎಂದು ಕಳಿಸುವ ಗುಂಡಿ ಒತ್ತಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಮೇಡಂ ನನ್ನ ಭುಜ ತಟ್ಟಿ ತಟ್ಟಿ ಹೇಳುತ್ತಿದ್ದರು: "ಎಷ್ಟ್ ಛಂದ ಸೋತ್ನಲ್ಲವ್ವಾ!"