ಕಾಕು ಹೆಚ್ಚಿದ ಹಣ್ಣು

ಬಂಗಾಳದ ಸಾಲ್ಟ್ ಲೇಕ್‌ನಲ್ಲಿ ಸಾಫ್ಟ್‌ವೇರ್ ಕಂಪನಿಗಳು ಒಂದರ ಹಿಂದೊಂದು ತೆರೆಯುತ್ತಿದ್ದ ಕಾಲ. ನಾನೂ ಅಲ್ಲೊಂದರಲ್ಲಿ ಕೆಲಸಕ್ಕೆ ಸೇರಿ ಅದೇ ಊರಿನ ಕಸ್ಬಾ ಬಡಾವಣೆಯಲ್ಲಿ ಮನೆ ಮಾಡಿದ್ದೆ. ಎದುರು ಫ್ಲ್ಯಾಟಿನಲ್ಲಿ ಧಾರವಾಡದ ಹೆಂಗಸೊಬ್ಬರು ಇದ್ದರು; ಚಿಕ್ಕಮ್ಮನಿಗೆ ಅವರ ಕಡೆ ಅನ್ನುವಂತೆ ನಾವೂ ಅವರನ್ನು ಕಾಕು ಎನ್ನುತ್ತಿದ್ದೆವು. ಯಜಮಾನರದು ರೈಲ್ವೆ ನೌಕರಿ.

ಬೇಸಿಗೆಯ ಸಂಜೆ ತಾರಸಿಯಲ್ಲಿ ನಾವು ನೆರೆಯವರೆಲ್ಲ ಸೇರಿದರೆ ಹಣ್ಣಿನ ಸಲಾಡ್ ಕಾಕುವಿನದೇ. ಮಾವು, ಲಿಚಿ, ಬಾಳೆ, ಮೇಲಿಷ್ಟು ನಿಂಬೆರಸ, ಜೇನು, ಏಲಕ್ಕಿ, ಅಷ್ಟೇ. ಆದರೆ ಕಡೆಯವರು ಬಂದು ಕೂರುವ ತನಕ ಅವರು ಚಾಕು ಮುಟ್ಟುತ್ತಿರಲಿಲ್ಲ. ಅವಸರ ಮಾಡಿದರೆ, "ಹಣ್ಣು ಮಂದೀ ಹಾದಿ ನೋಡಬಾರ್ದು, ಮಂದಿ ಹಣ್ಣಿನ ಹಾದಿ ನೋಡ್ಬೇಕು," ಎನ್ನುತ್ತಿದ್ದರು.

ಒಮ್ಮೆ ಕೆಳಮನೆಯ ಬಂಗಾಳಿ ಅಜ್ಜ ಬಂದಿದ್ದರು. ಅವರ ಕಡೆ ಪೂಜೆಗೆ ಹೆಚ್ಚಿದ ಹಣ್ಣೇ ಪ್ರಸಾದ. ಎಲ್ಲರೂ ಸುಮ್ಮನೆ ಕೂತಿರುವಾಗ ಕಾಕು ತಲೆಯೆತ್ತದೆ ಹೆಚ್ಚುವುದನ್ನು ಕಂಡು ಇದೂ ಅದೇ ಎಂದುಕೊಂಡರು. ತಮಗೆ ಕೊಟ್ಟ ಬಟ್ಟಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಮುಟ್ಟಿಸಿ, "ಕೌನ್ಸಾ ಪೂಜಾ ಹೈ?" ಎಂದು ಕೇಳಿದರು.

ಕಾಕು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. "ಪೂಜಾ ಕುಛ್ ನಹೀ. ಮೇರಾ ಸಲಾಡ್ ಹೈ."

ಅಜ್ಜ ತಲೆಯಾಡಿಸಿ ತಿಂದರು. ಬಟ್ಟಲು ಬರಿದಾದ ಮೇಲೆ ಮತ್ತೆ ಮುಂದೊಡ್ಡಿದರು. ಎರಡನೆಯ ಸಲ ಬಡಿಸಿದ್ದನ್ನೂ ಹಣೆಗೆ ಮುಟ್ಟಿಸಿಯೇ ತಿಂದರು.