ಕಟ್ಟದ ಮಣ್ಣು ಮೆಟ್ಟಿದವಳು

ಅಚ್ಚಾಗಿ ಬಂತು! ನಮ್ಮ ಕುಟುಂಬದ ಚರಿತ್ರೆಯ ಪುಸ್ತಕ ಇವತ್ತು ಮಧ್ಯಾಹ್ನ ಪುತ್ತೂರಿನ ಪ್ರೆಸ್ಸಿನಿಂದ ಬಂತು. ನನ್ನ ಹೆಸರಿನ ಮುಂದೆ, ಉದ್ಯೋಗ ಎಂಬಲ್ಲಿ, ‘ಕೃಷಿ’ ಎಂದು ಉಂಟು. ಬರೆದವಳು ನನ್ನ ಮೊಮ್ಮಗಳು, ನನ್ನ ಬಂಗಾರ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಆ ಎರಡು ಅಕ್ಷರಗಳನ್ನು ಬೆರಳಿಟ್ಟು ಎಷ್ಟು ಸಲ ಓದಿದೆನೋ.

ಮೊದಲು ಹಾಗೆ ಇರಲಿಲ್ಲ. ಅವಳು ಕರಡು ತಂದಾಗ ಗಂಡಸರಿಗೆಲ್ಲ ‘ಕೃಷಿ’, ಹೆಂಗಸರಿಗೆಲ್ಲ ‘ಗೃಹಿಣಿ’. ಹಾಗೆ ಬರೆಸಿದವರು ನನ್ನ ಮೈದುನ. ಯಜಮಾನರು ತೀರಿಕೊಂಡ ಮೇಲೆ ಕುಟುಂಬಕ್ಕೆ ಅವರೇ ಹಿರಿಯರು. ಆ ರಾತ್ರಿ ನನಗೆ ಅನ್ನ ಸೇರಲಿಲ್ಲ. ಇಷ್ಟು ವರ್ಷ ಗದ್ದೆಯ ಕೆಸರಿನಲ್ಲಿದ್ದ ಕಾಲು ಹಾಗಾದರೆ ಯಾರದ್ದು?

ಮರುದಿನ ಮೊಮ್ಮಗಳು ಕಟ್ಟದ ವಿಷಯ ಬರೆದುಕೊಳ್ಳಲು ಕೂತಳು. ದೀಪಾವಳಿ ಕಳೆದು ನೀರು ಇಳಿದ ಮೇಲೆ ಹೊಳೆಗೆ ಅಡ್ಡ ಹಾಕುವ ಕಲ್ಲು ಮಣ್ಣಿನ ಒಡ್ಡೇ ಕಟ್ಟ. ಮಳೆಗಾಲಕ್ಕೆ ಕೊಚ್ಚಿಹೋಗುತ್ತದೆ, ವರ್ಷ ವರ್ಷವೂ ಹೊಸತು ಆಗಬೇಕು. ಅದು ನಿಂತರೆ ಮಾತ್ರ ಸುಗ್ಗಿ, ಎಂದರೆ ವರ್ಷದ ಎರಡನೇ ಭತ್ತದ ಬೆಳೆ.

ಮೈದುನ ಮನೆಯ ಮುಂದಿನ ಚಾವಡಿಯಲ್ಲಿ ಜೋರಾಗಿಯೇ ಸುರು ಮಾಡಿದರು. “ಎರಡು ಸಾಲು ಕಲ್ಲು ಇಡುದು. ಮಧ್ಯೆ ಮಣ್ಣು ತುಂಬುದು.”

“ಯಾವ ಮಣ್ಣು, ಸಣ್ಣಜ್ಜ?”

“ಅದು... ಅತ್ತಿಗೇ, ಯಾವ ಮಣ್ಣು ಹಾಕುದು?”

ನಾನು ಅಡುಗೆಮನೆಯಿಂದಲೇ ಹೇಳಿದೆ, “ಗದ್ದೆಯ ಅಂಟು ಮಣ್ಣು. ಹೊಳೆಬದಿಯದ್ದು ಆಗುದಿಲ್ಲ, ಅದರಲ್ಲಿ ಹೊಯ್ಗೆ, ಮರಳು ಉಂಟು, ಸೋರ್ತದೆ.”

“ಸೊಪ್ಪು ಹಾಕುದು ಮೊದಲಾ, ಆಮೇಲಾ?” ಎಂದು ಮೈದುನ ಮತ್ತೆ ಕೇಳಿದರು.

“ಒಮ್ಮೆ ಮಣ್ಣು, ಒಮ್ಮೆ ಸೊಪ್ಪು, ಪ್ರತಿ ಸಲ ಮೆಟ್ಟುದು. ನೀವು ದಂಡೆಯಲ್ಲಿ ಕೂತು ಎಲೆಯಡಿಕೆ ಹಾಕಿದ್ದಲ್ವಾ, ಎಂತ ಗೊತ್ತಿರ್ತದೆ!”

ತವರು ಕಲ್ಲುಗುಂಡಿಯಿಂದ ಮದುವೆಯಾಗಿ ರಾಮಕುಂಜದ ಹತ್ತಿರದ ಈ ಮನೆಗೆ ಬಂದ ಮೊದಲ ವರ್ಷವೇ ಕಟ್ಟ ಸೋರಿತ್ತು. ಮಾವ ಹೊಳೆಬದಿಯ ಮಣ್ಣು ಹಾಕಿಸಿದ್ದರು. ಹೊಸ ಸೊಸೆ ಬಾಯಿ ತೆರೆಯುವ ಹಾಗಿಲ್ಲ. ಸೀರೆ ಎತ್ತಿಕಟ್ಟಿ, ಗದ್ದೆಯ ಮಣ್ಣು ಹೊತ್ತು ತಂದು ಮೆಟ್ಟಿದೆ. ಸೋರುವುದು ನಿಂತಿತು. ಮಾವ ದಂಡೆಯಲ್ಲಿ ನಿಂತು ನೋಡಿದರು. ಮುಂದಿನ ವರ್ಷ ಕಟ್ಟದ ದಿನ ಅಡುಗೆಮನೆಯ ಬಾಗಿಲಿಗೆ ಬಂದು ಒಮ್ಮೆ ಕೆಮ್ಮಿದರು. ಅದೇ ನನಗೆ ಕರೆ. ಮತ್ತೆ ಒಂದು ವರ್ಷವೂ ನಾನು ತಪ್ಪಿಸಲಿಲ್ಲ.

ಮೊಮ್ಮಗಳ ಪೆನ್ನು ನಿಂತಿತು. “ಸಣ್ಣಜ್ಜ, ಹಾಗಾದ್ರೆ ಕಟ್ಟ ಕಟ್ಟಿದ್ದು ಯಾರು?”

ಮೈದುನ ನಕ್ಕೇಬಿಟ್ಟರು. “ಅತ್ತಿಗೆಯೇ. ಕೃಷಿ ಅಂತಲೇ ಬರಿ ಮಾರಾಯ್ತಿ, ಇಲ್ಲದಿದ್ರೆ ನಂಗೆ ಇವತ್ತು ಊಟ ಸಿಗ್ಲಿಕ್ಕಿಲ್ಲ.”

“ನಂಗೂ ಬರಿ!” ಎಂದು ಅವರ ಹೆಂಡತಿ ಹಟ್ಟಿಯಿಂದ ಕೂಗಿದಳು. “ಇಲ್ಲಿ ಸಗಣಿ ಬಾಚುದು ಇವರಾ?”

ಹಾಗೆ ಮನೆಯ ಹೆಂಗಸರೆಲ್ಲರ ಸಾಲೂ ತಿದ್ದಿಯಾಯಿತು.

ಇವತ್ತು ಸಂಜೆ ಎಲ್ಲರೂ ಚಾವಡಿಯಲ್ಲಿ ಒಂದೇ ಸಾಲಿಗೆ ಊಟಕ್ಕೆ ಕೂತೆವು. ಕುಚ್ಚಲಕ್ಕಿ ಅನ್ನ, ಎಳೆ ಹಲಸಿನ ಗುಜ್ಜೆ ಪಲ್ಯ, ಮಾವಿನಹಣ್ಣಿನ ಸಾಸಿವೆ, ಕಡಲೆಬೇಳೆ ಪಾಯಸ. ಮೈದುನ ಎಡಗೈಯಲ್ಲಿ ಪುಸ್ತಕ ಹಿಡಿದು ಒಬ್ಬೊಬ್ಬ ಹೆಂಗಸಿನ ಹೆಸರು ಗಟ್ಟಿಯಾಗಿ ಓದಿ, “ಕೃಷಿ” ಎನ್ನುತ್ತಿದ್ದರು. ಒಂದೊಂದು ಹೆಸರಿಗೂ ಮಕ್ಕಳದ್ದು ಚಪ್ಪಾಳೆ, ಎಂಜಲು ಕೈಯಲ್ಲೇ. ನನ್ನ ಹೆಸರು ಬಂದಾಗ ಮೊಮ್ಮಗಳು ಎದ್ದು ಬಂದು ನನ್ನ ಎಲೆಗೆ ಇನ್ನೊಂದು ಸೌಟು ಪಾಯಸ ಸುರಿದಳು. ಬೇಡ ಎನ್ನಲಿಲ್ಲ, ಪೂರಾ ಉಂಡೆ.