ಆರ್ವಿಡ್‌ನ ಅಲಗಿನ ವ್ಯಾಜ್ಯ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನಮ್ಮ ಈ ಊರಲ್ಲಿ ಬಿಲ್ಲುಬೇಟೆಯ ಕಾಲ ಬಂತೆಂದರೆ ಆರ್ವಿಡ್‌ನ ಬಾಯಿಗೆ ಬೀಗವಿಲ್ಲ. ಬಾಣದ ತುದಿಗೆ ಅಲ್ಲಾಡದ ಗಟ್ಟಿ ಅಲಗು ಒಳ್ಳೆಯದೋ, ಜಿಂಕೆಗೆ ತಾಗಿದ ಮೇಲೆ ಬಿಚ್ಚಿಕೊಳ್ಳುವ ಮಡಚುವ ಅಲಗು ಒಳ್ಳೆಯದೋ ಎಂಬ ವ್ಯಾಜ್ಯವನ್ನು ಅವನು ಬಾರಿನಲ್ಲಿ ಬೀರು ಕುಡಿಯುತ್ತಲೂ ಚರ್ಚಿನಲ್ಲಿ ಕಾಫಿ ಹೀರುತ್ತಲೂ ನಡೆಸುತ್ತಾನೆ. "ಮಡಚೋ ಅಲಗಾ? ಅದೇನು ಬೇಟೆನೋ, ಕೊಡೆ ಬಿಚ್ಚೋ ಕೆಲಸಾನೋ?" ಎಂದು ಸೋಮವಾರ ಹಂಗಿಸಿದವನೇ ಗುರುವಾರ, "ಗಟ್ಟಿ ಅಲಗು ಗಾಳಿಗೆ ದಾರಿ ತಪ್ಪತ್ತಯ್ಯಾ, ನಿಮ್ಮಜ್ಜನ ಕಾಲದ್ದು, ಬಿಡು" ಎನ್ನುತ್ತಾನೆ. ಅಲಗು ಪರೀಕ್ಷಿಸಲೆಂದು ಹಿತ್ತಲಲ್ಲಿ ನಿಲ್ಲಿಸಿದ ರಬ್ಬರ್ ಜಿಂಕೆಗೆ ಗುರಿ ಹಿಡಿದಾಗ ನಿಜವಾದ ಜಿಂಕೆ ಅಡ್ಡ ಬಂದರೆ, "ಹೋಗೇ ಆಚೆ, ಪರೀಕ್ಷೆ ನಡೀತಿದೆ!" ಎಂದು ಗದರಿಸಿ ಓಡಿಸುತ್ತಾನೆ. "ನಮ್ಮನೆಗೆ ಮಾಂಸ ಬರೋದು ಪಕ್ಕದ್ಮನೆಯಿಂದ" ಎಂದು ಹೆಂಡತಿ ಇಲೇನ್ ನಗುತ್ತಾಳೆ. ಆದರೆ ಯಾರದೋ ಬಾಣ ತಾಗಿದ ಜಿಂಕೆ ಜೌಗಿನೊಳಗೆ ಹೊಕ್ಕು ಕಾಣೆಯಾದರೆ ಊರು ಕರೆಯುವುದು ಇವನನ್ನೇ. ಬಂದವನು ಕೆಸರಿನಲ್ಲಿ ಮೊಣಕಾಲೂರಿ, ಒಂದೊಂದೇ ಎಲೆ ತಿರುವಿ, ರಕ್ತದ ಹನಿ ಹುಡುಕುತ್ತಾ ತೆವಳುತ್ತಾನೆ. ಜಿಂಕೆ ಸಿಕ್ಕಾಗ ಅದರ ಕೊರಳ ಮೇಲೆ ಕೈಯಿಟ್ಟು ಕೂರುತ್ತಾನೆ. ಆ ಹೊತ್ತಿನಲ್ಲಿ ಮಾತ್ರ, ಯಾವ ಅಲಗು ಎಂದು ಅವನು ಯಾರನ್ನೂ ಕೇಳಿದ್ದಿಲ್ಲ.